ಕರಿ ಗ್ಲೌಸಿನ ಫೋಟೋದವನು

ಫೋಟೋದವನು ಹೋದ. ಹೋದ ವಾರ ಅವನ ಹೆಂಡತಿ ಹುನಗುಂದದ ಕಡೆಯ ಅವರ ಊರಿನಿಂದ ಫೋನು ಮಾಡಿ ಹೇಳಿದಳು. ಮಧ್ಯಾಹ್ನ ಉಂಡು ಕಟ್ಟೆಯ ಮೇಲೆ ಮಲಗಿದವನು ಟೀ ಹೊತ್ತಿಗೆ ಏಳಲಿಲ್ಲವಂತೆ. ಬದುಕಿರುವಷ್ಟು ದಿನ ಗಾಳಿಗೂ ಹೆದರುತ್ತಿದ್ದವನು ಯಾರನ್ನೂ ಎಬ್ಬಿಸದೆ ಹೋಗಿಬಿಟ್ಟ. ಅವಳು ಅತ್ತಳು. ಅಳು ನಿಂತ ಮೇಲೆ ಅವಳು ಕೇಳಿದ್ದು ಒಂದೇ ಮಾತು.

"ಅಮ್ಮಾರ, ಅವರ ಕ್ಯಾಮೆರಾ ಐತ್ರಿ. ಅದನ್ನ ಏನ್ ಮಾಡ್ಲಿ? ಇಲ್ಲಿ ಯಾರಿಗೂ ಅದರ ಕೂಡ ಏಗೂದು ತಿಳಿಯಂಗಿಲ್ರಿ."

"ಇರವ್ವ, ಯೋಚ್ನೆ ಮಾಡಿ ಹೇಳ್ತೀನಿ" ಅಂದೆ. ಯೋಚನೆ ಮಾಡುವುದು ಏನೂ ಇರಲಿಲ್ಲ. ಸುಮ್ಮನೆ ಅಂದೆ. ಆ ಕ್ಯಾಮೆರಾ ಕೊಳ್ಳುವ ಮುಂಚೆ ಅವನು ಪಟ್ಟ ಪಾಡು ಅವಳಿಗೆ ಗೊತ್ತಿಲ್ಲ. ಅವಳು ಮಕ್ಕಳನ್ನು ಕಟ್ಟಿಕೊಂಡು ಊರಿನಲ್ಲಿದ್ದಳು, ಅವನು ನಮ್ಮ ವಠಾರದಲ್ಲಿದ್ದ. ನೋಡಿದವಳು ನಾನು.

ಬಾಗಲಗುಂಟೆಯಲ್ಲಿ ನಮ್ಮ ರಾಗಿ ಹೊಲ ಇದ್ದ ಕಡೆ ಈಗ ಸಾಲು ರೂಮುಗಳಿವೆ. ಬಾಡಿಗೆಗೆ ಇರುವವರು ಬಹಳ ಮಂದಿ ಪೀಣ್ಯದ ಫ್ಯಾಕ್ಟರಿಗಳಲ್ಲಿ ಕೆಲಸ ಮಾಡುವವರು. ಇವನೂ ಮೊದಲು ಹಾಗೇ ಬಂದವನು, ಆಮೇಲೆ ಮದುವೆ ಫೋಟೋ ತೆಗೆಯುವವನಾದ. ನಲ್ಲಿ ಪಕ್ಕದ ಕೊನೆಯ ರೂಮು ಅವನದು. ಸಣಕಲು ಮೈ, ಎರಡು ಜೇಬಿನ ಅಂಗಿ, ಹೆಗಲಿಗೆ ಕರಿ ಬ್ಯಾಗು. ಬೀಗ ಹಾಕಿ ಬೀದಿಯ ತುದಿಗೆ ಹೋಗುತ್ತಿದ್ದ, ಅಲ್ಲಿಂದ ವಾಪಸು ಬಂದು ಬೀಗ ಎಳೆದು ನೋಡುತ್ತಿದ್ದ. ಸುಡುಬಿಸಿಲಿನಲ್ಲಿ ನಿಂತು "ಮಳಿ ಬರ್ತೈತೇನ್ರಿ ಅಮ್ಮಾರ" ಅಂತ ಕೇಳುತ್ತಿದ್ದ. ಬರಲ್ಲ ಅಂದರೂ ಕೊಡೆ ತೆಗೆದುಕೊಂಡೇ ಹೋಗುತ್ತಿದ್ದ.

ಮದುವೆಯ ದಿನ ತಾಳಿ ಕಟ್ಟುವವರೆಗೂ ಅವನು ನೀರನ್ನೂ ಮುಟ್ಟುತ್ತಿರಲಿಲ್ಲ. ಬೆಳಿಗ್ಗೆ ಕಾಫಿ ಕೊಟ್ಟರೆ ಲೋಟ ಹಿಡಿದುಕೊಂಡು ನಿಂತು, ಆರಿಸಿ, ಹಾಗೇ ವಾಪಸು ಕೊಡುತ್ತಿದ್ದ. ತಾಳಿ ಆದ ಮೇಲೆ ಮಾತ್ರ ಅವನು ಉಣ್ಣುವುದನ್ನು ನೋಡಬೇಕು. ಬಡಿಸುವವರೇ ಆ ಸಾಲು ಬಿಟ್ಟು ಮುಂದೆ ಹೋಗುತ್ತಿದ್ದರು.

ಇನ್ನೊಂದು ಅಭ್ಯಾಸವಿತ್ತು. ಒಂದೊಂದು ಫೋಟೋ ತೆಗೆದ ಮೇಲೂ "ಬಂತ್ರಿ" ಅನ್ನುತ್ತಿದ್ದ. ನಾವು ಮುದುಕ ಮುದುಕಿಯರು ಫೋಟೋ ಅಂದರೆ ಉಸಿರು ಬಿಗಿಹಿಡಿದು ಕೂರುತ್ತೇವಲ್ಲ, ಇವನು "ಬಂತ್ರಿ" ಅಂದ ಕೂಡಲೇ ಉಸಿರು ಬಿಡಬಹುದು. ಮಿಕ್ಕ ಫೋಟೋದವರು ನಮ್ಮನ್ನು ಹಾಗೇ ಕೂರಿಸಿ ಇನ್ನೊಬ್ಬರ ಕಡೆ ಹೋಗಿಬಿಡುತ್ತಾರೆ.

ಗ್ಲೌಸಿನ ವಿಷಯ ಹೇಳಬೇಕು. ಎರಡು ಕೈಗೂ ಕರಿ ಗ್ಲೌಸು ಹಾಕಿಕೊಂಡೇ ಅವನು ಕೆಲಸಕ್ಕೆ ಹೊರಡುತ್ತಿದ್ದದ್ದು. ಫ್ಯಾಕ್ಟರಿಯಲ್ಲಿ ಕೆಲಸಗಾರರಿಗೆ ಕೊಡುವ ಬಿಳಿ ಹತ್ತಿ ಗ್ಲೌಸಿಗೆ ಮನೆಯಲ್ಲೇ ಬಣ್ಣ ಅದ್ದಿಕೊಂಡದ್ದು. ಅವನ ಜೊತೆಯ ಫೋಟೋದ ಹುಡುಗರು ಅದನ್ನು ಸ್ಟೈಲು ಅಂದುಕೊಂಡಿದ್ದರು. ಅವರಲ್ಲೊಬ್ಬ ಲಗ್ಗೆರೆಯವನು, ದೊಡ್ಡ ಗಂಟಲಿನವನು, ತಾನೂ ಒಂದು ಜೊತೆ ಕೊಂಡು ಹಾಕಿಕೊಂಡು ಬಂದಿದ್ದ. "ಗುರು, ನಿಂದ್ ನೋಡಿದ್ರೆ ಸಕ್ಕತ್ ಪ್ರೊಫೆಷನಲ್ ಕಾಣುತ್ತೆ. ನಾನ್ ಹಾಕ್ಕೊಂಡ್ರೆ ಯಾಕೋ ಪಾತ್ರೆ ತೊಳೆಯೋನ ಥರಾ ಕಾಣ್ತೀನಿ" ಅಂತ ಗೋಳಾಡಿದ. ಇವನು ನಕ್ಕು ಮಾತು ಬದಲಾಯಿಸಿದ.

ನನಗೆ ಗೊತ್ತಾದದ್ದು ನಲ್ಲಿಯ ಹತ್ತಿರ. ಬಟ್ಟೆ ಒಗೆಯುತ್ತಿದ್ದ. ಬಲಗೈಯಲ್ಲಿ ತೋರುಬೆರಳು ಬುಡದ ಹತ್ತಿರವೇ ಮುಗಿದುಹೋಗಿತ್ತು.

"ಬೆರಳೆಲ್ಲೋಯ್ತಪ್ಪ?" ಅಂದೆ.

ಸೋಪಿನ ಕೈಯನ್ನು ಹಾಗೇ ಬೆನ್ನ ಹಿಂದೆ ಮುಚ್ಚಿಕೊಂಡ. "ಫ್ಯಾಕ್ಟರಿ ಪ್ರೆಸ್ಸಿನ್ಯಾಗ ಹೋತ್ರಿ. ಹರೇದಾಗ."

"ಅದನ್ಯಾಕೆ ಬಚ್ಚಿಡ್ತೀಯ, ಕದ್ದಿದ್ದಾ?"

"ಯಾರ ಮುಂದೂ ಹೇಳಬ್ಯಾಡ್ರಿ ಅಮ್ಮಾರ. ಕೈ ಮುಗೀತೀನಿ." ಮುಗಿಯಲು ಬಲಗೈಯನ್ನು ಮುಂದಕ್ಕೆ ತರಬೇಕಲ್ಲ, ಅದನ್ನೂ ತರಲಿಲ್ಲ.

ಹೇಳಿ ನನಗೆ ಬರುವುದೇನು, ಹೇಳಲಿಲ್ಲ. ಅವನ ಹೆದರಿಕೆ ಸುಳ್ಳಲ್ಲ ಅಂತಲೂ ಗೊತ್ತಿತ್ತು. ಈ ಕೆಲಸ ಶುರು ಮಾಡಿದ ಹೊಸತರಲ್ಲಿ ಒಂದು ಮದುವೆಯಲ್ಲಿ ಹೆಣ್ಣಿನ ಸೋದರಮಾವ ಇವನ ಕೈ ನೋಡಿ, ಊನ ಇರುವವನು ಮುಹೂರ್ತಕ್ಕೆ ಎದುರಿಗೆ ನಿಲ್ಲುವುದು ಬೇಡ ಅಂದನಂತೆ. ಗಟ್ಟಿಮೇಳ ಮುಗಿಯುವವರೆಗೂ ಇವನನ್ನು ಕೈ ತೊಳೆಯುವ ತೊಟ್ಟಿಯ ಹತ್ತಿರ ನಿಲ್ಲಿಸಿದ್ದರಂತೆ. ಆಮೇಲೆ ಇವನು ಗ್ಲೌಸು ಹುಡುಕಿಕೊಂಡದ್ದು. ಖಾಲಿ ಬೆರಳಿನೊಳಗೆ ವೇಸ್ಟು ತುಂಬಿ ಹೊಲಿದಿದ್ದ. ವೇಸ್ಟು ಅಂದರೆ ಪೀಣ್ಯದಲ್ಲಿ ಮಿಷನ್ನಿನ ಎಣ್ಣೆ ಒರೆಸುವ ಬನಿಯನ್ ಬಟ್ಟೆಯ ಚೂರು. ನೋಡಿದರೆ ಬೆರಳೇ. ಗುಂಡಿ ಒತ್ತುವುದು ನಡುಬೆರಳು.

ಮದುವೆ ಮನೆಗಳ ಈ ನಡವಳಿಕೆ ನನಗೆ ಹೊಸದಲ್ಲ. ಗಂಡ ಹೋದ ಮೇಲೆ ಮುಹೂರ್ತದ ಹೊತ್ತಿಗೆ ಸರಿಯಾಗಿ ನಾನು ಮಜ್ಜಿಗೆಗೆ ಉಪ್ಪು ಬಿತ್ತೋ ಇಲ್ಲವೋ ನೋಡಲು ಅಡುಗೆಯವರ ಹತ್ತಿರ ಹೋಗುತ್ತೇನೆ. ಯಾರೂ ಹೋಗು ಅನ್ನುವುದಿಲ್ಲ. ಅವರು ಅನ್ನುವಷ್ಟು ಹೊತ್ತು ನಾನು ಅಲ್ಲಿ ನಿಲ್ಲುವುದೂ ಇಲ್ಲ.

ಹೀಗೇ ನಡೆದುಕೊಂಡು ಹೋಗುತ್ತಿತ್ತು. ಒಂದು ಆಷಾಢದಲ್ಲಿ, ಮದುವೆಗಳಿಲ್ಲದ ತಿಂಗಳು ನೋಡಿ, ಇವನಿಗೆ ಕೆಲಸ ಕೊಡುವ ಲಗ್ಗೆರೆಯ ಸ್ಟುಡಿಯೋದವನು ಎಲ್ಲರನ್ನೂ ಕರೆದು ಹೇಳಿದನಂತೆ: ಶ್ರಾವಣದಿಂದ ಮಿರರ್‌ಲೆಸ್ ಕ್ಯಾಮೆರಾ ಇದ್ದವರಿಗೆ ಮಾತ್ರ ಕೆಲಸ. ಪಾರ್ಟಿಯವರು ಅದನ್ನೇ ಕೇಳುತ್ತಿದ್ದಾರೆ. ಇಲ್ಲದವರು ಬೇರೆ ದಾರಿ ನೋಡಿಕೊಳ್ಳಿ.

ಅವನು ಆ ದಿನ ಬಂದು ನನ್ನ ಬಾಗಿಲ ಮೆಟ್ಟಿಲ ಮೇಲೆ ಕೂತ. ಕೂತವನು ಚಪ್ಪಲಿ ಕಳಚಿ, ಮತ್ತೆ ಹಾಕಿಕೊಂಡು, ಮತ್ತೆ ಕಳಚಿದ.

"ಅಂಗಂದ್ರೇನಪ್ಪ, ಮಿರ್ರೋ ಗಿರ್ರೋ?" ಅಂದೆ.

"ಹಳೇದ್ರಾಗ ಒಳಗ ಒಂದು ಕನ್ನಡಿ ಇರ್ತೈತ್ರಿ. ಗುಂಡಿ ಒತ್ತಿದಾಗೊಮ್ಮೆ ಎದ್ದು ಬೀಳ್ತೈತಿ. ಆ ಟಕ್ ಅನ್ನೂ ಸಪ್ಪಳ ಅದರದ. ಹೊಸದ್ರಾಗ ಕನ್ನಡಿ ಇಲ್ರಿ."

"ಕನ್ನಡಿ ಕಿತ್ತಾಕಿ ರೇಟು ಜಾಸ್ತಿ ಮಾಡವ್ರಾ?"

"ಹಗುರಾಗಿರ್ತೈತ್ರಿ. ಸಪ್ಪಳ ಇರಂಗಿಲ್ಲ."

"ತಗೋ ಮತ್ತೆ. ಚೀಟಿ ಎತ್ತಿದೀಯಲ್ಲ."

"ತಗೋಬೇಕ್ರಿ. ಇಲ್ಲಾಂದ್ರ ಗೇಟ್ ಕಾಯೂದ." ನಮ್ಮ ವಠಾರದಲ್ಲೇ ಒಬ್ಬ ಸೆಕ್ಯೂರಿಟಿ ಕೆಲಸದವನಿದ್ದ. ನಿನಗೂ ಯೂನಿಫಾರಂ ಕೊಡಿಸುತ್ತೇನೆ ಬಾ ಅಂತ ಇವನಿಗೆ ಹೇಳುತ್ತಲೇ ಇದ್ದ. "ಆದ್ರ ಯಾವ್ದು ತಗೊಳ್ಳಿ ಅನ್ನೂದ ತಿಳಿವಲ್ದು."

ಅಲ್ಲಿಂದ ಶುರುವಾಯಿತು. ಆ ಆಷಾಢ ಪೂರ್ತಿ ನಾನು ಕೇಳಿದ್ದು ಅದೊಂದೇ. ಎರಡು ಕಂಪನಿ. ಹೆಸರು ನನಗೆ ಬಾಯಿ ತಿರುಗುವುದಿಲ್ಲ, ಒಂದನ್ನು ದೋಸ್ತರ ಕಂಪನಿ ಅನ್ನುತ್ತಿದ್ದೆ, ಇನ್ನೊಂದನ್ನು ದಪ್ಪ ಹಿಡಿಯ ಕಂಪನಿ. ದೋಸ್ತರ ಕಂಪನಿ ಅಂದರೆ ಅವನ ಜೊತೆಯವರೆಲ್ಲ ಆಗಲೇ ಕೊಂಡಿದ್ದದ್ದು. ಅವರ ಕೆಲಸದ ರೀತಿಯೇ ಹಾಗೆ. ಯಾರ ಹತ್ತಿರವೂ ಎಲ್ಲ ಲೆನ್ಸೂ ಇರುವುದಿಲ್ಲ. ದೂರದ್ದು ಒಬ್ಬನದು, ಹತ್ತಿರದ್ದು ಒಬ್ಬನದು, ಕತ್ತಲಿನದು ಇನ್ನೊಬ್ಬನದು. ಛತ್ರದಲ್ಲಿ ಒಂದೇ ಬ್ಯಾಗಿನಲ್ಲಿ ಎಲ್ಲ ಸುರಿದು, ಬೇಕಾದವನು ಬೇಕಾದ್ದನ್ನು ತೆಗೆದುಕೊಳ್ಳುತ್ತಾನೆ. ನಮ್ಮ ಬೀದಿಯಲ್ಲಿ ಯಾರ ಮನೆಯಲ್ಲಿ ಕಾರ್ಯವಾದರೂ ಕೊಪ್ಪರಿಗೆ ಒಬ್ಬರ ಮನೆಯಿಂದ, ಸೌಟು ಇನ್ನೊಬ್ಬರ ಮನೆಯಿಂದ ಬರುವುದಿಲ್ಲವೇ, ಹಾಗೆ. ಆದರೆ ಒಂದು ಕಂಪನಿಯ ಲೆನ್ಸು ಇನ್ನೊಂದು ಕಂಪನಿಯದಕ್ಕೆ ಕೂರುವುದಿಲ್ಲ. ನಡುವೆ ಬಳೆಯಂಥದ್ದು ಏನೋ ಹಾಕಿ ಕೂರಿಸಬಹುದಂತೆ. "ಕೂಡತೈತ್ರಿ, ಆದ್ರ ಫೋಕಸ್ ತಡಾ ಮಾಡತೈತಿ" ಅಂದ. "ತಾಳಿ ಕಟ್ಟಾಂವ ತಡಾ ಮಾಡಂಗಿಲ್ಲಲ್ರಿ."

"ಅಂಗಾರೆ ದೋಸ್ತರದೇ ತಗೋ. ಇದಕ್ಕೆ ತಿಂಗಳುಗಟ್ಲೆ ಯಾಕ್ ಒದ್ದಾಡ್ತೀಯ?"

"ದಪ್ಪ ಹಿಡೀದು ಗಟ್ಟಿ ಅಂತಾರ್ರಿ."

ಮಾರನೆಯ ದಿನ ದಪ್ಪ ಹಿಡಿಯದಕ್ಕೆ ಬ್ಯಾಟರಿ ಬಾಳಿಕೆ ಜಾಸ್ತಿ ಅಂದ. ಅದರ ಮಾರನೆಯ ದಿನ ಬಣ್ಣ ಛಲೋ ಅಂದ. ಹಾಗಾದರೆ ಅದನ್ನೇ ತಗೋ ಅಂದರೆ, ಲೆನ್ಸಿಗೆ ಎಲ್ಲಿ ಹೋಗಲಿ ಅಂತ ತಲೆ ಹಿಡಿದುಕೊಳ್ಳುತ್ತಿದ್ದ. ನಲ್ಲಿಗೆ ನೀರಿಗೆ ಬಂದ ಹೆಂಗಸರನ್ನೂ ಕೇಳಿದ. ಹಾಲಿನವನನ್ನೂ ಕೇಳಿದ. ಲಗ್ಗೆರೆಯ ಗಂಟಲಿನವನು ಒಂದು ದಿನ ಬಂದು ವಠಾರವೇ ಎದ್ದು ನಿಲ್ಲುವಂತೆ ಕೂಗಾಡಿದ.

"ಮಗಾ, ನಮ್ ಬ್ಯಾಗಲ್ಲಿ ಇಲ್ದೇ ಇರೋದು ನಿಂಗೇನ್ ಬೇಕೋ? ನೀನ್ ಅದನ್ ತಗೊಂಡ್ರೆ ಒಂಟಿ ಆಗೋಗ್ತೀಯ. ಬ್ಯಾಟ್ರಿ ಸತ್ರೂ ಕೊಡೋಕ್ ನನ್ ಹತ್ರ ಇರಲ್ಲ. ಒಂದೇ ಒಂದು ಕಾರಣ ಹೇಳು ಗುರು!"

ಇವನು ಗ್ಲೌಸಿನ ಕೈಗಳನ್ನು ತೊಡೆಯ ನಡುವೆ ಇಟ್ಟುಕೊಂಡು ನೆಲ ನೋಡಿದ.

ನನಗೂ ಒಂದು ಚಿಂತೆ ಹತ್ತಿಕೊಂಡಿತ್ತು. ನನ್ನ ಮೊಮ್ಮಗಳ ಮದುವೆ ಶ್ರಾವಣದಲ್ಲಿ ಗೊತ್ತಾಗಿತ್ತು. ಅವಳು ಆ ಸ್ಟುಡಿಯೋದವನಿಗೇ ಫೋಟೋ ಕೆಲಸ ಒಪ್ಪಿಸಿ, ನಮ್ಮ ವಠಾರದ ಅಣ್ಣನೇ ಮುಹೂರ್ತಕ್ಕೆ ನಿಲ್ಲಬೇಕು ಅಂತ ಹಟ ಹಿಡಿದಿದ್ದಳು. ಇವನು ಹೀಗೇ ಅಲ್ಲಾಡುತ್ತಾ ಕೂತರೆ ತಾಳಿಯ ಫೋಟೋ ಯಾರು ತೆಗೆಯುವುದು? ಅವನ ಅನ್ನದ ಚಿಂತೆ ಅವನಿಗೆ, ಮೊಮ್ಮಗಳ ತಾಳಿಯ ಚಿಂತೆ ನನಗೆ.

ಅವನು ಸಾಯಂಕಾಲ ರೂಮಿನ ಬಾಗಿಲಲ್ಲಿ ಕೂತು ಫೋನಿನಲ್ಲಿ ಕ್ಯಾಮೆರಾದ ವಿಡಿಯೋ ನೋಡುತ್ತಿದ್ದ. ದೊರೆಗಳಂಥ ಜನ ಇಂಗ್ಲಿಷಿನಲ್ಲಿ ಮಾತಾಡುವುದು. ಇವನು ಧ್ವನಿ ಮುಚ್ಚಿ ನೋಡುತ್ತಿದ್ದ. ಇಂಗ್ಲಿಷು ತಿಳಿಯುವುದಿಲ್ಲವಲ್ಲ, ಅದಕ್ಕೆ ಅಂದುಕೊಂಡೆ. ಒಂದು ಸಲ ಹಿಂದಿನಿಂದ ಹೋಗಿ ನೋಡಿದರೆ ವಿಡಿಯೋ ನಿಲ್ಲಿಸಿ, ಎರಡು ಬೆರಳಲ್ಲಿ ಹಿಗ್ಗಿಸಿ ನೋಡುತ್ತಿದ್ದ. ಹಿಗ್ಗಿಸಿದ್ದು ಕ್ಯಾಮೆರಾವನ್ನಲ್ಲ, ಅದನ್ನು ಹಿಡಿದವರ ಬಲಗೈಯನ್ನು. ಆಗಲೂ ನನಗೆ ಹೊಳೆಯಲಿಲ್ಲ.

ಶ್ರಾವಣದ ಮೊದಲ ಶುಕ್ರವಾರ ಬೆಳಿಗ್ಗೆ ಬಂದು, "ಅಮ್ಮಾರ, ಇವತ್ತು ತಗೊಂಡು ಬಿಡ್ತೀನ್ರಿ. ನೀವು ಜೋಡಿ ಬರ್ರಿ. ನಿಮ್ಮ ಕೈಲೆ ಕೊಡಿಸ್ರಿ. ನಿಮ್ಮ ಕೈಗುಣ ಛಲೋ ಐತಿ" ಅಂದ.

"ನನ್ ಕೈಗುಣಾನಾ? ಗಂಡ ಸತ್ತೋಳ ಕೈಲಿ ಬೋಣಿ ಮಾಡಿಸ್ತಾರೇನ್ಲಾ ಯಾರಾದ್ರೂ? ಬೇರೆ ಯಾರೂ ಸಿಗಲಿಲ್ವಾ?"

"ನಿಮ್ಮ ರೂಮಿಗಿ ಬಂದ ಮ್ಯಾಲ ನನಗ ಒಂದು ದಿನಾ ಉಪವಾಸ ಬಿದ್ದಿಲ್ರಿ. ಅಷ್ಟ ಸಾಕು."

ಹೋದೆ. ದಾಸರಹಳ್ಳಿಯಲ್ಲಿ ಮೆಟ್ರೋ ಹತ್ತಿದೆವು. ಬ್ಯಾಗು ತಪಾಸಣೆಯ ಮಿಷನ್ನಿನೊಳಗೆ ಹೋಗಿ ಆಚೆ ಬರುವಷ್ಟರಲ್ಲಿ ಅವನ ಮುಖ ಬಿಳುಚಿಕೊಂಡಿತ್ತು. ಪೇಟೆಯಲ್ಲಿ ಕ್ಯಾಮೆರಾ ಅಂಗಡಿ. ಅಂಗಡಿಯವನು ಒಳ್ಳೆಯವನು, ನನಗೆ ಸ್ಟೂಲು ಹಾಕಿದ, ನೀರು ಕೊಟ್ಟ. ಎರಡು ಕ್ಯಾಮೆರಾವನ್ನೂ ಗಾಜಿನ ಮೇಲೆ ಇಟ್ಟು, "ಹಿಡಿದು ನೋಡಿ ಸಾರ್, ನೀವು ಒಂದು ತಿಂಗಳಿಂದ ಗಾಜಿನಾಚೆಯಿಂದಾನೇ ನೋಡಿ ಹೋಗ್ತಿದೀರ" ಅಂದ.

ಇವನು ಎಡಗೈಯಲ್ಲಿ ಎತ್ತಿದ.

"ಬಲಗೈಲಿ ಹಿಡೀರಿ ಸಾರ್. ಗ್ಲೌಸ್ ತೆಗೆದುಬಿಡಿ, ಆಗ ಗ್ರಿಪ್ ಗೊತ್ತಾಗುತ್ತೆ."

"ಇರ್ಲಿ ಬಿಡ್ರಿ, ಹಿಂಗ ತಿಳೀತೈತಿ." ಗ್ಲೌಸಿನ ಬಲಗೈಯಲ್ಲೇ ದೋಸ್ತರ ಕಂಪನಿಯದನ್ನು ಹಿಡಿದ. ಸಣ್ಣ ಸಾಮಾನು ಅದು, ಹಿಡಿಯೂ ಗಿಡ್ಡ. ವೇಸ್ಟು ತುಂಬಿದ ಬೆರಳಿಗೆ ಅಲ್ಲಿ ಮಲಗಲು ಜಾಗವಿಲ್ಲದೆ ಕ್ಯಾಮೆರಾದ ತಲೆಯ ಮೇಲೆ ಬಾವುಟದ ಕೋಲಿನಂತೆ ನೆಟ್ಟಗೆ ನಿಂತಿತು. ಅಂಗಡಿಯ ಕಂಬಕ್ಕೆ ಉದ್ದದ ಕನ್ನಡಿ ಅಂಟಿಸಿದ್ದರು. ಇವನು ಅದರ ಮುಂದೆ ಹೋಗಿ ನಿಂತ. ಕ್ಯಾಮೆರಾದೊಳಗೆ ಕಣ್ಣಿಟ್ಟು ನೋಡಲೇ ಇಲ್ಲ. ಕನ್ನಡಿಯಲ್ಲಿ ತನ್ನ ಕೈ ನೋಡಿಕೊಂಡ. ವಾಪಸು ಬಂದು ದಪ್ಪ ಹಿಡಿಯದನ್ನು ಎತ್ತಿಕೊಂಡು ಹೋಗಿ ಅದರಲ್ಲೂ ಹಾಗೇ ನೋಡಿಕೊಂಡ. ಅದರ ಹಿಡಿ ಹಳೆಯ ಕ್ಯಾಮೆರಾದ ಹಿಡಿಯಷ್ಟೇ ದಪ್ಪ. ಸುಳ್ಳು ಬೆರಳು ಅದರ ಮುಂದೆ ಅಡಗಿಕೊಂಡು ಕೂತಿತು.

ಆಗ ನನಗೆ ತಿಳಿಯಿತು. ಗಟ್ಟಿಯೂ ಅಲ್ಲ, ಬ್ಯಾಟರಿಯೂ ಅಲ್ಲ, ಬಣ್ಣವೂ ಅಲ್ಲ.

ಎದ್ದು ಹೋಗಿ ಪಕ್ಕದಲ್ಲಿ ನಿಂತೆ. "ಕ್ಯಾಮೆರಾ ತಗೊಳಾಕ್ ಬಂದಿದೀಯೋ, ಬೆರಳು ಮುಚ್ಚಾಕ್ ಬಂದಿದೀಯೋ?"

"ಮೆಲ್ಲಕ ಮಾತಾಡ್ರಿ ಅಮ್ಮಾರ." ಅವನ ಹಣೆಯಿಂದ ಬೆವರು ಇಳಿಯುತ್ತಿತ್ತು. "ಸಣ್ಣದ್ರಾಗ ಎದ್ದು ಕಾಣತೈತ್ರಿ. ಒಬ್ಬರ ಕಣ್ಣಿಗೆ ಬಿದ್ರ ಮುಗೀತು. ಮುಹೂರ್ತಕ್ಕ ನಿಂದರಸಂಗಿಲ್ಲ. ಸ್ಟುಡಿಯೋದಾಂವಗ ತಿಳಿದ್ರ ಕರಿಯಂಗಿಲ್ಲ."

"ದಪ್ಪದ್ ತಗೊಂಡ್ರೆ ಲೆನ್ಸು?"

ಗ್ಲೌಸಿನ ಎಡಗೈಯಿಂದ ಹಣೆ ಒರೆಸಿಕೊಂಡ.

"ದೋಸ್ತರು ಯಾಕೋ ಅಂದ್ರೆ ಏನಂತೀಯ?"

ಕ್ಯಾಮೆರಾವನ್ನು ತಂದು ಗಾಜಿನ ಮೇಲೆ ಇನ್ನೊಂದರ ಪಕ್ಕ ಇಟ್ಟ.

"ನೋಡಪ್ಪ, ದಪ್ಪದು ಬೆರಳು ಮುಚ್ತದೆ, ನಿಜ. ಅನ್ನ ಹಾಕದು ಲೆನ್ಸು. ಲೆನ್ಸಿಲ್ದೆ ಹೋದ್ರೆ ಈ ಶ್ರಾವಣಕ್ಕೇ ಗೇಟು. ಬೆರಳು ಕಂಡ್ರೆ ಯಾವತ್ತೋ ಒಂದಿನ ಗೇಟು, ಕಾಣದೇನೂ ಹೋಗಬೌದು. ನನ್ನ ಕೇಳಿದ್ರೆ, ಅದನ್ನ ನೆಚ್ಚಿಕೊಂಡು ಸಣ್ಣದು ತಗೋ. ನನ್ ಮೊಮ್ಮಗಳ ತಾಳೀಗೆ ಲೆನ್ಸ್ ಸಾಲದೆ ಬಂದ್ರೆ ಮಾತ್ರ ನಾನ್ ಸುಮ್ಕಿರಲ್ಲ."

ಸಮಾಧಾನದ ಮಾತು ನನಗೆ ಬರುವುದಿಲ್ಲ. ಅವನು ಬಹಳ ಹೊತ್ತು ಎರಡನ್ನೂ ನೋಡಿದ. ಆಮೇಲೆ ಸಣ್ಣದರ ಕಡೆ ಗದ್ದ ಎತ್ತಿ ತೋರಿಸಿದ. ದುಡ್ಡನ್ನು ನನ್ನ ಕೈಗೆ ಕೊಟ್ಟು ನನ್ನಿಂದಲೇ ಅಂಗಡಿಯವನಿಗೆ ಕೊಡಿಸಿದ. ಮೆಟ್ರೋದಲ್ಲಿ ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಬಂದ.

ಮದುವೆಯವರೆಗೂ ಅವನು ನಲ್ಲಿಯ ಹತ್ತಿರ, ತುಳಸಿಯ ಹತ್ತಿರ, ಕಾಗೆ ಕೂತ ಕಡೆ ಎಲ್ಲ ನಿಂತು ಹಿಡಿದು ಹಿಡಿದು ನೋಡಿದ. ಟಕ್ ಅನ್ನುವ ಸದ್ದಿಲ್ಲ. ಇವನ "ಬಂತ್ರಿ" ಒಂದೇ ಕೇಳುತ್ತಿತ್ತು. ಸುಳ್ಳು ಬೆರಳನ್ನು ನಡುಬೆರಳಿಗೆ ಸೇರಿಸಿ ಹೊಲಿದ, ಆಗ ಗುಂಡಿ ಒತ್ತಲಾಗಲಿಲ್ಲ. ಬಿಚ್ಚಿದ. ಒಳಗೆ ತಂತಿ ಹಾಕಿ ಬಗ್ಗಿಸಿದ, ಅದು ಬೆರಳಿನ ಹಾಗೆ ಕಾಣದೆ ಕೊಕ್ಕೆಯ ಹಾಗೆ ಕಂಡಿತು. ಅದನ್ನೂ ತೆಗೆದ. ಕೊನೆಗೆ ಮೊದಲಿನ ಹಾಗೇ ಬಿಟ್ಟು, ಬುಡದಲ್ಲಿ ನಾಲ್ಕು ದಾರ ಹೆಚ್ಚಿಗೆ ಹಾಕಿದ. ನೋಡಿ ನೋಡಿ ನನಗೂ ಅವನ ಹೆದರಿಕೆ ಅಂಟಿಕೊಂಡಿತು. ನಮ್ಮ ಬೀಗರ ಕಡೆ ಹುಡುಗನ ಸೋದರತ್ತೆ ಒಬ್ಬಳಿದ್ದಳು. ನಿಶ್ಚಿತಾರ್ಥದ ದಿನ ಬಾಳೆಹಣ್ಣಿನ ಚಿಪ್ಪು ಬೆಸವೋ ಸರಿಯೋ ಅಂತ ಎಣಿಸಿದವಳು. ಇವನ ಬೆರಳು ಅವಳ ಕಣ್ಣಿಗೆ ಬಿದ್ದರೆ ಛತ್ರದಲ್ಲೇ ಪಂಚಾಯಿತಿ ಕೂರಿಸುತ್ತಾಳೆ ಅಂತ ನನಗೆ ಖಾತ್ರಿಯಾಗಿತ್ತು.

ಮದುವೆಯ ದಿನ ಮುಹೂರ್ತದ ಹೊತ್ತಿಗೆ ನಾನು ಮಜ್ಜಿಗೆ ನೋಡಲು ಹೋಗಲಿಲ್ಲ. ಮಂಟಪದ ಪಕ್ಕದ ಕಂಬಕ್ಕೆ ಆತು ನಿಂತೆ, ಮೊಮ್ಮಗಳನ್ನು ನೋಡುವುದು ಬಿಟ್ಟು ಇವನ ಕೈಯನ್ನೇ ನೋಡಿದೆ. ಎದುರಿಗೆ ಇವನು, ಎಡಕ್ಕೆ ಲಗ್ಗೆರೆಯವನು. ಸೋದರತ್ತೆ ಇವನ ಪಕ್ಕಕ್ಕೇ ಬಂದು ನಿಂತಿದ್ದಳು.

ಪುರೋಹಿತರು ಕೈ ಎತ್ತಿದರು. ಓಲಗದವರು ಗಟ್ಟಿಮೇಳ ಶುರು ಮಾಡಿದರು. ಇವನು ಕ್ಯಾಮೆರಾ ಎತ್ತಿದ. ಆ ದಿನವೇ ಆಗಬೇಕೇ? ಬೆಳಗಿನಿಂದ ಲೆನ್ಸು ಬದಲಾಯಿಸಿ ಬದಲಾಯಿಸಿ ದಾರ ಸಡಿಲವಾಗಿತ್ತು ಅಂತ ಕಾಣುತ್ತದೆ, ಸುಳ್ಳು ಬೆರಳು ಹೊರಳಿಕೊಂಡು ಮುಂದಕ್ಕೆ ಜೋತುಬಿತ್ತು. ಯಾವ ಮನುಷ್ಯನ ಬೆರಳೂ ಹಾಗೆ ಬಗ್ಗುವುದಿಲ್ಲ. ಅದು ಲೆನ್ಸಿಗೇ ಅಡ್ಡ ಬರುತ್ತಿತ್ತು. ಹುಡುಗ ತಾಳಿ ಹಿಡಿದು ಬಗ್ಗಿಯಾಗಿತ್ತು.

ಅವನ ಮುಖ ನನಗೆ ಕಾಣುತ್ತಿತ್ತು. ಒಂದು ಗಳಿಗೆ ಈಗ ಇಲ್ಲಿಂದ ಓಡಿಹೋಗುತ್ತಾನೆ ಅನ್ನಿಸಿತು. ಓಡಲಿಲ್ಲ. ಗ್ಲೌಸಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಕೈಯಿಂದ ಎಳೆದು ಉಗಿದ. ಬರಿಗೈಯಲ್ಲಿ ಕ್ಯಾಮೆರಾ ಹಿಡಿದು ಬಗ್ಗಿದ. ಅಕ್ಷತೆ ಬೀಳುವುದು ನಿಲ್ಲುವವರೆಗೂ ಕಣ್ಣು ತೆಗೆಯಲಿಲ್ಲ.

ನನ್ನನ್ನು ಬಿಟ್ಟು ಇಡೀ ಛತ್ರದಲ್ಲಿ ಅದನ್ನು ಯಾರೂ ನೋಡಲಿಲ್ಲ. ಎಲ್ಲರೂ ಒಂದು ಕೈಯಲ್ಲಿ ಅಕ್ಷತೆ ಹಾಕುತ್ತಾ ಇನ್ನೊಂದು ಕೈಯಲ್ಲಿ ಫೋನು ಎತ್ತಿ ಹಿಡಿದಿದ್ದರು. ಸೋದರತ್ತೆಯೂ ಅಷ್ಟೆ. ಅಷ್ಟು ವರ್ಷ ಯಾರ ಕಣ್ಣಿಗೆ ಅವನು ಹೆದರಿದ್ದನೋ ಆ ಕಣ್ಣುಗಳೆಲ್ಲ ಫೋನಿನಲ್ಲಿದ್ದವು.

"ಬಂತ್ರಿ" ಅಂದ.

ಕಿರುಚಿದ್ದು ಆಮೇಲೆ. ಸೋದರತ್ತೆ ಫೋನು ಇಳಿಸಿ ಕೆಳಗೆ ನೋಡಿದಳು. ಮಂಟಪದ ಮೇಲೆ, ಅಕ್ಷತೆಯ ನಡುವೆ, ಒಂದು ಬೆರಳು ನಿಮಿರಿಸಿಕೊಂಡು ಬಿದ್ದಿದ್ದ ಕರಿ ಕೈ.

"ಅಯ್ಯೋ! ಏನ್ರೀ ಅದು? ಯಾರ್ ಮಾಟ ಮಾಡಿ ಎಸೆದಿರೋದು?"

ನಾನು ಮಂಟಪ ಹತ್ತಿದೆ. ಗಂಡ ಹೋದ ಮೇಲೆ ಹತ್ತಿರಲಿಲ್ಲ, ಆ ಹೊತ್ತಿಗೆ ಅದೂ ನೆನಪಿಗೆ ಬರಲಿಲ್ಲ. ಬಗ್ಗಿ ಅದನ್ನು ಎತ್ತಿಕೊಂಡೆ.

"ಮಾಟವೂ ಇಲ್ಲ ಮಣ್ಣೂ ಇಲ್ಲ ಕಣಮ್ಮಾ, ಇದು ನಂದು. ಒಲೆ ಮೇಲಿಂದ ಬಿಸಿ ಪಾತ್ರೆ ಇಳಿಸೋದು. ಸೊಂಟದಲ್ಲಿ ಸಿಕ್ಕಿಸ್ಕೊಂಡಿದ್ದೆ, ಬಿದ್ದೋಗದೆ."

ಅವಳು ನನ್ನನ್ನು ನೋಡಿದಳು, ಎಡಗೈಯಲ್ಲಿ ಇನ್ನೊಂದು ಕರಿ ಗ್ಲೌಸು ಹಾಕಿದ್ದ ಇವನನ್ನು ನೋಡಿದಳು, ಇವನ ಬಲಗೈ ನೋಡಿದಳು. ದಡ್ಡಿಯಲ್ಲ ಅವಳು. ಆದರೆ ಓಲಗ ಇನ್ನೂ ಬಾರಿಸುತ್ತಿತ್ತು, ಎಲ್ಲರೂ ಕೈ ಕುಲುಕುತ್ತಿದ್ದರು. ಬಾಯಿ ಬಿಗಿದುಕೊಂಡು ಆಚೆ ಹೋದಳು.

ಲಗ್ಗೆರೆಯವನು ಮಾತ್ರ ಊಟದ ಸಾಲಿನಲ್ಲಿ ಇವನ ಕೈ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. "ಲೋ ಮಗಾ! ಬೆರಳೆಲ್ಲೋ?"

"ಪೀಣ್ಯಾದಾಗ ಐತಿ" ಅಂದ ಇವನು, ಹೋಳಿಗೆ ಮುರಿಯುತ್ತಾ.

"ಇಷ್ಟ್ ವರ್ಷ ಹೇಳಲಿಲ್ವಲ್ಲೋ! ನಾನು ಸ್ಟೈಲು ಅಂತ ಬೇಸಿಗೇಲೆಲ್ಲ ಗ್ಲೌಸ್ ಹಾಕ್ಕೊಂಡು ಬೆಂದೋದೆ!"

ಬಡಿಸುವವರು ತಟ್ಟೆ ಹಿಡಿದು ನಿಂತು ನಗುತ್ತಿದ್ದರು. ಇವನೂ ನಕ್ಕ. ಆ ದಿನ ಅವನು ಎಷ್ಟು ಉಂಡ ಅಂತ ನಾನು ನೋಡಲು ಹೋಗಲಿಲ್ಲ, ನನಗೇ ಹಸಿವಾಗಿತ್ತು.

ಇಲ್ಲಿಗೆ ಎಲ್ಲ ಸರಿಹೋಯಿತು ಅಂತ ನಾನು ಹೇಳುವುದಿಲ್ಲ. ಸೋದರತ್ತೆ ಸ್ಟುಡಿಯೋದವನಿಗೆ ಫೋನು ಮಾಡಿ ಹೇಳಬೇಕಾದ್ದೆಲ್ಲ ಹೇಳಿದಳು. ಅವನು ಇವನನ್ನು ಮುಹೂರ್ತದಿಂದ ತೆಗೆದು ರಿಸೆಪ್ಷನ್ನಿಗೆ ಹಾಕಿದ. ಗೇಟಿನ ಯೂನಿಫಾರಂ ಮಾತು ಮತ್ತೆ ಬಂತು, ಇವನು ಮತ್ತೆ ಮೆಟ್ಟಿಲ ಮೇಲೆ ಕೂತು ಚಪ್ಪಲಿ ಕಳಚಿ ಹಾಕಿದ. ಆದರೆ ಶ್ರಾವಣದ ಕೊನೆಯಲ್ಲಿ ಒಂದೇ ದಿನ ಊರಿನ ಛತ್ರಗಳಲ್ಲೆಲ್ಲ ಮದುವೆ. ಸ್ಟುಡಿಯೋದವನಿಗೆ ಜನ ಸಾಲಲಿಲ್ಲ. ಬೆರಳು ಎಣಿಸಲು ಅವನಿಗೆ ಪುರುಸೊತ್ತಿರಲಿಲ್ಲ, ಹೋಗಯ್ಯ ಅಂತ ಇವನನ್ನೇ ಮುಹೂರ್ತಕ್ಕೆ ಕಳಿಸಿದ. ಆಮೇಲೂ ಕಳಿಸಿದ. ಕೆಲವು ಮನೆಗಳಲ್ಲಿ ಮಾತು ಬರುತ್ತಿತ್ತು, ಅಲ್ಲಿ ಇವನು ಲಗ್ಗೆರೆಯವನನ್ನು ಎದುರಿಗೆ ಬಿಟ್ಟು ತಾನು ಬದಿಗೆ ಹೋಗಿ ದೂರದ ಲೆನ್ಸು ಹಾಕಿಕೊಳ್ಳುತ್ತಿದ್ದ. ಒಂದೇ ಬ್ಯಾಗಿನದು, ಕೂರುತ್ತಿತ್ತು. ದಪ್ಪ ಹಿಡಿಯದನ್ನು ಕೊಂಡಿದ್ದರೆ ಬದಿಯಲ್ಲಿ ನಿಂತು ಏನು ಮಾಡುತ್ತಿದ್ದ?

ಗ್ಲೌಸು ಮತ್ತೆ ಹಾಕಲಿಲ್ಲ. ಹಾಗಂತ ಧೈರ್ಯವಂತನಾದ ಅನ್ನಬೇಡಿ. ಬೀಗ ಎಳೆದು ನೋಡುವುದು ಬಿಡಲಿಲ್ಲ, ಬಿಸಿಲಲ್ಲಿ ಕೊಡೆ ಬಿಡಲಿಲ್ಲ, ತಾಳಿಗೆ ಮುಂಚೆ ಕಾಫಿ ಆರಿಸಿ ವಾಪಸು ಕೊಡುವುದೂ ಬಿಡಲಿಲ್ಲ. ಹೋದ ವರ್ಷ ಸಾಕು ಅಂತ ರೂಮು ಬಿಟ್ಟು ಊರಿಗೆ ಹೋಗುವಾಗಲೂ, ಆಟೋ ಹತ್ತಿದವನು ಇಳಿದು ಬಂದು, ನನಗೆ ಒಪ್ಪಿಸಿಯಾಗಿದ್ದ ಖಾಲಿ ರೂಮಿನ ಬೀಗ ಎಳೆದು ನೋಡಿ ಹೋದ.

ಮೊನ್ನೆ ಅವನ ಹೆಂಡತಿಗೆ ಫೋನು ಮಾಡಿ, ಕ್ಯಾಮೆರಾ ಅವನ ದೋಸ್ತರಿಗೆ ಕೊಡು, ಅವರದೂ ಅದೇ ಕಂಪನಿ ಅಂದೆ. ಲಗ್ಗೆರೆಯವನು ತಾನೇ ಬಸ್ಸು ಹತ್ತಿ ಹೋಗಿ, ಅವಳಿಗೆ ಕೊಡಬೇಕಾದ್ದು ಕೊಟ್ಟು ತಂದಿದ್ದಾನೆ. ಈಗ ಅದು ಅವರ ಬ್ಯಾಗಿನಲ್ಲಿದೆ. ಯಾರ ಲೆನ್ಸು ಬೇಕಾದರೂ ಅದಕ್ಕೆ ಕೂರುತ್ತದೆ.

ಗ್ಲೌಸು ನನ್ನ ಅಡುಗೆಮನೆಯಲ್ಲಿದೆ. ಮದುವೆಯ ದಿನ ಬಾಯಿಗೆ ಬಂದ ಸುಳ್ಳು ಹೇಳಿ ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದೆನಲ್ಲ, ಎಸೆಯುವುದೇಕೆ ಅಂತ ಒಲೆಯ ಪಕ್ಕದ ಮೊಳೆಗೆ ಹಾಕಿದೆ. ದಿನಾ ಅದರಲ್ಲೇ ಪಾತ್ರೆ ಇಳಿಸುತ್ತೇನೆ. ಬಟ್ಟೆ ತೆಳ್ಳಗಾಗಿದೆ, ಮಿಕ್ಕ ಬೆರಳುಗಳಿಗೆಲ್ಲ ಬಿಸಿ ತಾಗುತ್ತದೆ. ವೇಸ್ಟು ತುಂಬಿದ್ದಕ್ಕೆ ತಾಗುವುದಿಲ್ಲ. ಅದನ್ನೇ ಮುಂದೆ ಮಾಡಿ ಹಿಡಿಯುತ್ತೇನೆ.